ರಾಣಿ ಉಣ್ಣುವುದು ಯಾವಾಗ?

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಅತ್ತಿಗೆಯವರಿದ್ದಾರೆ. ಸಂಜೆ ದೇವರ ಮುಂದೆ ದೀಪವಿಟ್ಟ ಮೇಲೆ ಅವರ ಮನೆಗೆ ಹೋದವರು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂಡಬೇಕೆಂಬುದು ಬಂಧುಬಳಗಕ್ಕೆಲ್ಲ ಗೊತ್ತಿರುವ ನಿಯಮ. ಆ ಹೊತ್ತಿಗೆ ಟಿ.ವಿ.ಯಲ್ಲಿ ರಾಜರ ಕಾಲದ ಒಂದು ಪ್ರೇಮಕಥೆ ಬರುತ್ತದೆ. ಕಥೆ ಯಾವ ರಾಜ್ಯದ್ದು, ಯಾವ ಶತಮಾನದ್ದು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅದನ್ನು ಬರೆದವರಿಗೇ ಗೊತ್ತಿತ್ತೋ ಇಲ್ಲವೋ. ರಾಣಿ ಕಿಟಕಿಯ ಬಳಿ ನಿಂತಿದ್ದಳು. ಕ್ಯಾಮರಾ ಆಕೆಯ ಮುಖವನ್ನು ಮೂರು ಕಡೆಯಿಂದ ತೋರಿಸಿತು. ಮೂರು ಸಲವೂ ಗುಡುಗಿನಂಥ ಸದ್ದಾಯಿತು. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಅತ್ತಿಗೆ ನನ್ನ ಕಡೆ ತಿರುಗಿ ಕೇಳಿದರು: “ಏ ತಮ್ಮಾ, ಈಕಿ ಮುಂಜಾನಿಂದ ಕಿಟಕ್ಯಾಗ ನಿಂತಾಳಲ್ಲ, ಉಣ್ಣಾದು ಯಾವಾಗ?”

ನಾನು ನಕ್ಕೆ. ಆದರೆ ರಾತ್ರಿ ಬಸ್ಸಿನಲ್ಲಿ ಕೊಟ್ಟೂರಿಗೆ ಬರುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹಿಂದಿನ ಕಾಲದ ಪ್ರೇಮವನ್ನು ಕಾದಂಬರಿಯಿಂದ ಎತ್ತಿ ತೆರೆಯ ಮೇಲೆ ಇಡುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂದು ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಅತ್ತಿಗೆಯವರು ಅದನ್ನೇ ಒಂದು ಮಾತಿನಲ್ಲಿ ಕೇಳಿದ್ದರು. ಅವರ ಪ್ರಶ್ನೆಯನ್ನು ಈ ಹೊತ್ತು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಇಡಬೇಕೆಂದಿದ್ದೇನೆ.

ಮೊದಲು ಹೊರಗಿನ ಒಂದು ಉದಾಹರಣೆ ನೋಡೋಣ; ದೂರದ್ದನ್ನು ನೋಡಿದ ಕಣ್ಣಿಗೆ ಹತ್ತಿರದ್ದು ಕೆಲವೊಮ್ಮೆ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡಿನ ಜೇನ್ ಆಸ್ಟಿನ್ ಎಂಬಾಕೆ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ 1813ರಲ್ಲಿ ಅಚ್ಚಾಯಿತು. 1995ರಲ್ಲಿ ಬಿ.ಬಿ.ಸಿ.ಯವರು ಅದನ್ನು ಆರು ಕಂತುಗಳ ಟಿ.ವಿ. ನಾಟಕವಾಗಿ ತೋರಿಸಿದರು. ಅದಕ್ಕೆ ಬಂದ ಹೆಸರು ಇಷ್ಟಷ್ಟಲ್ಲ. ನೋಡಿದವರನ್ನು ‘ನಿಮಗೆ ಯಾವ ದೃಶ್ಯ ನೆನಪಿದೆ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ, ನಾಯಕ ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ನಾಯಕಿಗೆ ಎದುರಾಗುವುದನ್ನು ಹೇಳುತ್ತಾರೆ. ತಮಾಷೆಯೆಂದರೆ ಆ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಪುಸ್ತಕದಲ್ಲಿ ಇರುವುದು ಬೇರೆ. ನಾಯಕನ ಹೆಸರಿನ ಬೆನ್ನಿಗೇ ಆತನ ವರಮಾನ ವರ್ಷಕ್ಕೆ ಹತ್ತು ಸಾವಿರ ಪೌಂಡು ಎಂಬ ಸುದ್ದಿ ಊರೆಲ್ಲ ಹರಡುತ್ತದೆ. ನಾಯಕಿಯ ತಂದೆಗೆ ಐದು ಜನ ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಆದ್ದರಿಂದ ತಂದೆಯ ಕಣ್ಣು ಮುಚ್ಚಿದೊಡನೆ ಮನೆ ಹೊಲವೆಲ್ಲ ದೂರದ ಒಬ್ಬ ದಾಯಾದಿಯ ಪಾಲು. ಆ ಹುಡುಗಿಯರ ನಗು, ಮುನಿಸು, ಕುಣಿತ ಎಲ್ಲದರ ಕೆಳಗೆ ಈ ಭಯ ಹರಿಯುತ್ತಿರುತ್ತದೆ. ಅದನ್ನು ತೆಗೆದುಬಿಟ್ಟರೆ ಉಳಿಯುವುದು ಒದ್ದೆ ಅಂಗಿ ಮಾತ್ರ. ಆರು ಕಂತು ಮಾಡಿದವರು ಜಾಣರು, ಎರಡನ್ನೂ ಇಟ್ಟುಕೊಂಡರು. ಅವರನ್ನು ನೋಡಿ ಕಲಿತವರು ಅಂಗಿಯನ್ನಷ್ಟೇ ಕಲಿತರು.

ಇದೇ ಕಾಲಕ್ಕೆ ನಮ್ಮ ಸೀಮೆಯಲ್ಲಿ ಏನು ನಡೆದಿತ್ತು? 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರನಾಗಿದ್ದು ಹೊಲ ಹೊಲ ಅಳೆಸಿ ರೈತರ ಹೆಸರಿಗೆ ಕಂದಾಯ ಕಟ್ಟಿದ. ದತ್ತ ಮಂಡಲಗಳಲ್ಲಿ ಎಂಬತ್ತರಷ್ಟು ಪಾಳೆಯಗಾರರಿದ್ದರು. ಅವರ ಬಲ ಮುರಿದದ್ದೂ ಆತನೇ. ಆ ಇಂಗ್ಲಿಷ್ ಹುಡುಗಿಯರು ದಾಯಾದಿಯ ಹೆಸರು ಕೇಳಿ ಬೆದರುತ್ತಿದ್ದ ವರ್ಷಗಳಲ್ಲೇ ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಮನೆತನಗಳ ಹೆಣ್ಣುಮಕ್ಕಳೂ ತಮ್ಮ ಮುಂದಿನ ಗತಿಯನ್ನು ನೆನೆದು ಕುಳಿತಿದ್ದಿರಬೇಕು. ಅವರ ಕಥೆಯನ್ನು ಆಗ ಬರೆದಿಡುವ ಆಸ್ಟಿನ್ ಮಾತ್ರ ನಮ್ಮಲ್ಲಿರಲಿಲ್ಲ. ಇನ್ನೂರು ವರ್ಷ ಕಳೆದ ಮೇಲೆ ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರು ಮನ್ರೋ ಕಾಲದ ಈ ಕುಸಿತವನ್ನು ‘ಅರಮನೆ’ ಕಾದಂಬರಿಯಲ್ಲಿ ಹಿಡಿದರು. ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದಿದವರಿಗೆ ಗೊತ್ತು: ಅಲ್ಲಿ ಅರಮನೆಯೆಂದರೆ ಮಿರುಗುವ ಕಂಬಗಳ ಸಾಲಲ್ಲ, ಹಸಿವು, ರೋಗ, ಜಾತ್ರೆ, ದೇವರು, ಜಗಳ ಎಲ್ಲ ಒಂದೇ ಅಂಗಳದಲ್ಲಿ ನೆರೆದಿರುವ ಜಾಗ. ಅದನ್ನು ಧಾರಾವಾಹಿ ಮಾಡಹೊರಡುವವರು ಮೊದಲು ಅಡಿಗೆಮನೆ ಕಟ್ಟಿಸಬೇಕಾದೀತು.

ಕುಂವೀ ಅವರ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರ ‘ಬೇಟೆ’ ಎಂಬ ಕಾದಂಬರಿ 1987ರಲ್ಲಿ ಚಲನಚಿತ್ರವಾಯಿತು. ಎಂ. ಎಸ್. ರಾಜಶೇಖರ್ ನಿರ್ದೇಶಿಸಿದರು, ಶಿವರಾಜಕುಮಾರ್, ಸುಧಾರಾಣಿ ನಟಿಸಿದರು. ಚಿತ್ರ ಚೆನ್ನಾಗಿ ಓಡಿತು. ಆದರೆ ಅದರ ಹೆಸರು? ‘ಮನ ಮೆಚ್ಚಿದ ಹುಡುಗಿ’! ಹಳಗನ್ನಡದಲ್ಲಿ ‘ಬೇಟ’ ಎಂದರೆ ಪ್ರೇಮ. ಬೇಟೆಗೂ ಬೇಟಕ್ಕೂ ನಡುವೆ ಒಂದೇ ಸ್ವರದ ಅಂತರ. ಕಾದಂಬರಿ ತೆರೆಗೆ ಹೋಗುವಾಗ ನಡೆಯುವುದೆಲ್ಲ ಆ ಒಂದು ಸ್ವರದ ಜಾಗದಲ್ಲೇ ನಡೆಯುತ್ತದೆ. ದೂರುತ್ತಿದ್ದೇನೆಂದು ತಿಳಿಯಬೇಡಿ, ಆ ಚಿತ್ರವನ್ನು ನಾನೂ ಎರಡು ಸಲ ನೋಡಿದವನೇ. ಅವರದೇ ಕಥೆಯಿಂದ ನಾಗತಿಹಳ್ಳಿ ಚಂದ್ರಶೇಖರ್ ಮುಂದೆ ‘ಕೊಟ್ರೇಶಿ ಕನಸು’ ಮಾಡಿದರು. ಅದು ಪ್ರೇಮಕಥೆಯಲ್ಲ. ಆದರೆ ಹೆಸರು ಮಾತ್ರ ನಮ್ಮೂರ ಹೆಸರಾಗಿಯೇ ಉಳಿಯಿತು. ಕೊಟ್ಟೂರೇಶ್ವರನ ಕೃಪೆಯಿಂದ ನಮ್ಮ ಐದೂ ತಾಲ್ಲೂಕುಗಳಲ್ಲಿ ಕೊಟ್ರೇಶ, ಕೊಟ್ರಮ್ಮ, ಕೊಟ್ರಗೌಡರಿಲ್ಲದ ಓಣಿಯೇ ಇಲ್ಲ. ಶಾಲೆಯಲ್ಲಿ ಒಂದು ತರಗತಿಯಲ್ಲಿ ನಾಲ್ವರು ಕೊಟ್ರೇಶರಿದ್ದು ಮೇಷ್ಟರು ಅಂಕಿ ಹಾಕಿ ಕರೆಯುತ್ತಿದ್ದರು. ಆ ಹೆಸರು ರಾಜ್ಯದ ಚಿತ್ರಮಂದಿರಗಳ ಮುಂದೆ ದೊಡ್ಡಕ್ಷರದಲ್ಲಿ ಬಂದಾಗ ನಮಗಾದ ಸಂತೋಷ ಹೊರಗಿನವರಿಗೆ ತಿಳಿಯಲಾರದು.

ಕೊಟ್ರೇಶಿಯಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದ ಬಾಲಕ ವಿಜಯ ರಾಘವೇಂದ್ರ. ಅದೇ ಹುಡುಗ ಬೆಳೆದು 2006ರಲ್ಲಿ ‘ಕಲ್ಲರಳಿ ಹೂವಾಗಿ’ ಚಿತ್ರದ ನಾಯಕನಾದ. ನಮ್ಮ ನೆರೆಯ ಚಿತ್ರದುರ್ಗದ ಬಿ. ಎಲ್. ವೇಣು ಅವರ ಕಾದಂಬರಿ, ಟಿ. ಎಸ್. ನಾಗಾಭರಣರ ನಿರ್ದೇಶನ, ಮದಕರಿ ನಾಯಕನಾಗಿ ಅಂಬರೀಶ್. ದುರ್ಗದ ಹಿಂದೂ ತರುಣನೊಬ್ಬನಿಗೂ ಮುಸ್ಲಿಂ ಹುಡುಗಿಯೊಬ್ಬಳಿಗೂ ಯುದ್ಧದ ನಡುವೆ ಹುಟ್ಟಿದ ಪ್ರೀತಿಯ ಕಥೆ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ದೊರಕಿತು. ರಾಜರ ಕಾಲ, ಪ್ರೇಮ, ಕಾದಂಬರಿ ಈ ಮೂರೂ ಒಟ್ಟಿಗೆ ಕೂಡಿದ ಕನ್ನಡದ ಉದಾಹರಣೆ ಬೇಕಾದರೆ ಇದನ್ನು ಹೇಳಬಹುದು. ಅಲ್ಲಿ ಪ್ರೇಮಕ್ಕೆ ಅಡ್ಡವಾಗಿ ನಿಲ್ಲುವುದು ಸವತಿಯ ಸಂಚಲ್ಲ; ಎರಡು ಸೈನ್ಯಗಳು, ಎರಡು ಮತಗಳು, ಒಂದು ಊರಿನ ಅನುಮಾನ. ಅದೇ ಅದರ ಬಲವೆಂದು ನನಗೆ ತೋರುತ್ತದೆ.

ದುರ್ಗದ ಕಥೆಗಳನ್ನು ಓದುವಾಗ, ನೋಡುವಾಗ ನಮ್ಮ ಹರಪನಹಳ್ಳಿಯ ಗೆಳೆಯರಿಗೆ ಮಾತ್ರ ಸ್ವಲ್ಪ ಇರಿಸುಮುರಿಸು. ಯಾಕೆಂದರೆ ಅಲ್ಲಿ ಅವರದು ಶತ್ರುಪಕ್ಷ! 1748ರ ಮಾಯಕೊಂಡದ ಕಾಳಗದಲ್ಲಿ ಬಿದನೂರು, ರಾಯದುರ್ಗ, ಸವಣೂರುಗಳ ದಂಡು ಒಂದಾಗಿ ದುರ್ಗದ ಮೇಲೆ ಬಿತ್ತು. ಆಗ ಆನೆಯ ಮೇಲಿದ್ದ ಆ ಹಿಂದಿನ ಮದಕರಿ ನಾಯಕನನ್ನು ಕೊಂದವನು ಹರಪನಹಳ್ಳಿಯ ಸೋಮಶೇಖರ ನಾಯಕ. ದುರ್ಗದ ಇತಿಹಾಸವನ್ನು ‘ಕಂಬನಿಯ ಕುಯಿಲು’ ಮೊದಲುಗೊಂಡು ‘ದುರ್ಗಾಸ್ತಮಾನ’ದವರೆಗೆ ಕಾದಂಬರಿಗಳ ಸಾಲಾಗಿ ಬರೆದ ತ. ರಾ. ಸು. ಹುಟ್ಟಿದ್ದು ಹರಪನಹಳ್ಳಿಗೆ ದೂರವಲ್ಲದ ಮಲೇಬೆನ್ನೂರಿನಲ್ಲಿ, 1920ರಲ್ಲಿ. ‘ಇಷ್ಟು ಹತ್ತಿರ ಹುಟ್ಟಿಯೂ ನಮ್ಮ ಕಡೆ ತಿರುಗಿ ನೋಡಲಿಲ್ಲವಲ್ಲ’ ಎಂದು ಹರಪನಹಳ್ಳಿಯ ನಿವೃತ್ತ ಉಪಾಧ್ಯಾಯರೊಬ್ಬರು ನನ್ನಲ್ಲಿ ಗೊಣಗಿದ್ದುಂಟು. ತ. ರಾ. ಸು. ಮನಸ್ಸು ಕೊಟ್ಟದ್ದು ದುರ್ಗಕ್ಕೆ. ಮನಸ್ಸು ಕೊಟ್ಟ ಕಡೆ ಕಥೆ ಹುಟ್ಟುತ್ತದೆ. ನಮ್ಮ ಕಡೆಯ ಕಥೆಯನ್ನು ನಾವೇ ಬರೆಯಬೇಕಾಗಿತ್ತು, ಬರೆಯಲಿಲ್ಲ. ಇದರಲ್ಲಿ ಅವರ ತಪ್ಪೇನು?

ತ. ರಾ. ಸು. ಅವರ ಮೂರು ಸಾಮಾಜಿಕ ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಮಾಡಿದ್ದು ನಿಮಗೆಲ್ಲ ತಿಳಿದೇ ಇದೆ. ಆ ಚಿತ್ರದ ನಡುವೆ ಒಂದು ಹಾಡಿನಷ್ಟು ಹೊತ್ತು ಮಾತ್ರ ಕಥೆ ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಜಯಂತಿಯವರು ಓಬವ್ವನಾಗಿ ಒನಕೆ ಹಿಡಿದು ನಿಲ್ಲುತ್ತಾರೆ. ಇವತ್ತಿಗೂ ಕನ್ನಡನಾಡಿನ ಮಕ್ಕಳು ಓಬವ್ವ ಎಂದರೆ ಆ ಮುಖವನ್ನೇ ಕಾಣುತ್ತಾರೆ. ಕೆಲವೇ ನಿಮಿಷಗಳ ದೃಶ್ಯ ಒಂದು ನಾಡಿನ ನೆನಪನ್ನೇ ರೂಪಿಸಿತು. ತೆರೆಯ ಶಕ್ತಿ ಅಂಥದು. ಅದನ್ನು ಹಗುರವಾಗಿ ಕಾಣಬಾರದು.

ಆದರೆ ಓಬವ್ವನ ಕಥೆಯನ್ನು ಒಂದು ಸಲ ನಿಧಾನವಾಗಿ ನೆನೆದುಕೊಳ್ಳಿ. ಹೈದರಾಲಿಯ ಮುತ್ತಿಗೆ. ಮುದ್ದಹನುಮನೆಂಬ ಕಾವಲುಗಾರ ಮಧ್ಯಾಹ್ನ ಉಣ್ಣಲು ಮನೆಗೆ ಬರುತ್ತಾನೆ. ಹೆಂಡತಿ ಬಡಿಸುತ್ತಾಳೆ. ನೀರು ಸಾಲದೆ ಕೊಡ ಹಿಡಿದು ಹೋದವಳಿಗೆ ಕಿಂಡಿಯಲ್ಲಿ ಶತ್ರುಗಳು ನುಸುಳುವ ಸದ್ದು ಕೇಳಿಸುತ್ತದೆ. ಮನೆಗೆ ಓಡಿ ಬರುತ್ತಾಳೆ. ಗಂಡ ಉಣ್ಣುತ್ತಿದ್ದಾನೆ. ಉಣ್ಣುವವನನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಮೂಲೆಯಲ್ಲಿದ್ದ ಒನಕೆಯನ್ನು ಎತ್ತಿಕೊಂಡು ತಾನೇ ಹೋಗುತ್ತಾಳೆ. ಮುಂದಿನದು ವೀರಗಾಥೆ, ಎಲ್ಲರೂ ಬಲ್ಲರು. ಆ ವೀರಗಾಥೆಯ ಬೇರು ಎಲ್ಲಿದೆ ನೋಡಿ: ಗಂಡನ ಮುಂದಿನ ತಟ್ಟೆಯಲ್ಲಿ. ಅವನ ಊಟ ಕೆಡದಿರಲಿ ಎಂಬ ಅಷ್ಟೇ ಅಷ್ಟು ಯೋಚನೆಯಲ್ಲಿ. ಆಕೆ ಕಿಟಕಿಯಲ್ಲಿ ನಿಂತು ‘ಪ್ರಾಣಕಾಂತ’ ಎಂದು ಕರೆದವಳಲ್ಲ. ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪ್ರೇಮಕಥೆಯನ್ನು ನಾನಂತೂ ಕೇಳಿಲ್ಲ. ಅತ್ತಿಗೆಯವರ ಪ್ರಶ್ನೆಗೂ ಇಲ್ಲಿ ಉತ್ತರವಿದೆಯೇನೋ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರು ಓಬವ್ವ ತಮ್ಮ ಊರ ಮಗಳೆಂದು ಹೇಳಿಕೊಳ್ಳುತ್ತಾರೆ. ಅಲ್ಲಿಯೂ ಬಂಡೆಗಳ ಬೆಟ್ಟವಿದೆ, ಕೋಟೆಯಿದೆ. ಬಂಡೆಗಳ ಸಂದಿನಲ್ಲಿ ಆಡಿ ಬೆಳೆದ ಹುಡುಗಿಗೆ ದುರ್ಗದ ಕಿಂಡಿ ಹೊಸದಾಗಿ ಕಂಡಿರಲಾರದು. ಆಕೆ ಮದುವೆಯಾಗಿ ತವರು ಬಿಟ್ಟು ದುರ್ಗಕ್ಕೆ ಹೋದ ದಿನದ ಕಥೆಯನ್ನು ತೆರೆಯ ಮೇಲೆ ತೋರಿಸಿದ್ದನ್ನು ನಾನು ಕಂಡಿಲ್ಲ.

ಆ ಹಾದಿಯ ಬಗ್ಗೆ ನನಗೆ ಇಷ್ಟೊಂದು ಕುತೂಹಲವೇಕೆಂದರೆ ನಮ್ಮ ತಾಯಿಯವರೂ ಗುಡೇಕೋಟೆಯ ಕಡೆಯವರು. ಮದುವೆಯಾಗಿ ಎತ್ತಿನ ಗಾಡಿಯಲ್ಲಿ ಕೊಟ್ಟೂರಿಗೆ ಬಂದರು. ನಡುವೆ ಕೂಡ್ಲಿಗಿಯಲ್ಲಿ ಒಂದು ರಾತ್ರಿ ತಂಗಿದ್ದರಂತೆ. ಗಾಡಿಯಲ್ಲಿ ಒಂದು ಟ್ರಂಕು, ಎರಡು ಕೌದಿ, ಮೊಸರು ಕಡೆಯುವ ಒಂದು ಕಡೆಗೋಲು. ಆ ಕಡೆಗೋಲು ಕೊನೆಯವರೆಗೂ ನಮ್ಮ ಮನೆಯಲ್ಲಿತ್ತು. ಅದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ತಂದೆಯವರು ಶೇಂಗಾ ಮಾರಲು ಸಂತೆಗೆ ಹೋದರೆ ಬರುವುದು ಎಷ್ಟು ಹೊತ್ತಾದರೂ ತಾಯಿ ಉಣ್ಣುತ್ತಿರಲಿಲ್ಲ. ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿ ಒಲೆಯ ಮಗ್ಗುಲಿಗೆ ಇಟ್ಟು ಕೂಡುತ್ತಿದ್ದರು. ಈಕೆ ಉಂಡಿರುವುದಿಲ್ಲವೆಂದು ತಂದೆಗೆ ಗೊತ್ತು. ಸಂತೆಯಲ್ಲಿ ಗೆಳೆಯರು ಮಂಡಕ್ಕಿ ಮಿರ್ಚಿಗೆ ಕರೆದರೆ ‘ಹೊಟ್ಟಿ ಸರಿ ಇಲ್ಲ’ ಎಂದು ಸುಳ್ಳು ಹೇಳಿ ಗಾಡಿ ಹೂಡುತ್ತಿದ್ದರು. ಈ ಸುಳ್ಳಿನ ಸಂಗತಿ ತಾಯಿಗೆ ತಿಳಿದದ್ದು ತಂದೆ ತೀರಿಕೊಂಡ ಮೇಲೆ. ಮಾತನಾಡಿಸಲು ಬಂದ ಆ ಗೆಳೆಯರಲ್ಲೊಬ್ಬರು ಹೇಳಿದರು. ತಾಯಿ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಲವತ್ತು ವರ್ಷದಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾವು ಕೇಳಿಲ್ಲ.

ಇಂಥದನ್ನು ಕಾದಂಬರಿ ಹೇಳಬಲ್ಲದು. ಏಕೆಂದರೆ ಕಾದಂಬರಿಗೆ ಪುರಸತ್ತಿದೆ. ಮೂರು ಪುಟ ರೊಟ್ಟಿ ಬಡಿಯುವುದನ್ನೇ ಬರೆದರೂ ಓದುವವನು ಜೊತೆಗೆ ಬರುತ್ತಾನೆ. ಚಲನಚಿತ್ರಕ್ಕೆ ಎರಡೂವರೆ ಗಂಟೆಯ ಅವಸರ. ಆದರೆ ಧಾರಾವಾಹಿಗೆ ಯಾವ ಅವಸರ? ವಾರಕ್ಕೆ ಐದಾರು ದಿನ, ವರ್ಷಗಟ್ಟಲೆ ಬರುವ ಆಟ ಅದು. ಕಾದಂಬರಿಗೆ ನಿಜವಾದ ಒಡಹುಟ್ಟು ಧಾರಾವಾಹಿಯೇ. ಇಷ್ಟು ಹೊತ್ತು ಕೈಯಲ್ಲಿದ್ದೂ ಅದನ್ನು ಕಿಟಕಿಯ ಬಳಿ ನಿಲ್ಲಿಸಿ ಕಳೆಯುವುದೇ ನನಗೆ ಸಂಕಟ. ಆಗುವುದೇ ಇಲ್ಲವೆಂದೂ ಹೇಳುವಂತಿಲ್ಲ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಈಟಿವಿ ವಾಹಿನಿಗೆ ಧಾರಾವಾಹಿಯಾಗಿ ಮಾಡಿದರು. ಪ್ಲೇಗಿನ ಕಾಲದ ಹಳ್ಳಿ. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವ ನಂಜಮ್ಮ. ಪ್ರಣಯವೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ, ನಿಜ. ಆದರೆ ಒಬ್ಬ ಹೆಂಗಸಿನ ಕೈಗಳು ಏನು ಮಾಡುತ್ತಿವೆ ಎಂಬುದೇ ಕಥೆಯಾಗಬಹುದೆಂದು ಆ ಕಾದಂಬರಿ ತೋರಿಸಿತ್ತು; ಅದನ್ನು ಮನೆಮನೆಯ ಪೆಟ್ಟಿಗೆಗೆ ತರಬಹುದೆಂದು ಕಾಸರವಳ್ಳಿಯವರು ತೋರಿಸಿದರು. ಪ್ರೇಮಕಥೆ ಮಾಡುವವರು ಅಲ್ಲಿಂದ ಒಂದು ಹಿಡಿ ಮಣ್ಣು ತಂದರೂ ಸಾಕಿತ್ತು.

ನಮ್ಮಲ್ಲಿ ಸಾಮಗ್ರಿಗೆ ಕೊರತೆಯೆ? ಹೂವಿನಹಡಗಲಿಯನ್ನೇ ತೆಗೆದುಕೊಳ್ಳಿ. ಆ ಊರಿನ ಹೂವು ತುಂಗಭದ್ರೆಯ ಹೊಳೆಯಲ್ಲಿ ಹಂಪಿಗೆ ಹೋಗುತ್ತಿತ್ತು, ಅದರಿಂದಲೇ ಊರಿಗೆ ಈ ಹೆಸರು ಬಂತು ಎಂದು ಐತಿಹ್ಯವಿದೆ. ಐತಿಹ್ಯ ದಿಟವೋ ಅಲ್ಲವೋ, ಹಡಗಲಿ ಮಲ್ಲಿಗೆ ದಿಟ. ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ. ಆ ಮಲ್ಲಿಗೆ ಬೆಳೆಯುವವರ ದಿನ ಹೇಗೆ ಮೂಡುತ್ತದೆಂದು ನೋಡಿದ್ದೀರಾ? ಬಿಸಿಲೇರುವ ಮೊದಲೇ ಮೊಗ್ಗು ಬಿಡಿಸಿ ಆಗಬೇಕು. ಅರಳಿದರೆ ಬೆಲೆಯಿಲ್ಲ. ಇಬ್ಬನಿಯಲ್ಲಿ ಬೆರಳು ಮರಗಟ್ಟಿದರೂ ಕೈ ನಿಲ್ಲಬಾರದು. ಆಮೇಲೆ ಮನೆಯ ಕಟ್ಟೆಗಳ ಮೇಲೆ ಹೆಂಗಸರು ಕುಳಿತು ಕಟ್ಟುತ್ತಾರೆ. ಧಾರಾವಾಹಿಯ ರಾಣಿಯ ತುರುಬಿನಲ್ಲಿ ಯಾವಾಗಲೂ ಮಲ್ಲಿಗೆ ಇರುತ್ತದೆ. ಅದನ್ನು ಬಿಡಿಸಿದ ಹುಡುಗಿಗೂ ಹೊಳೆಯಲ್ಲಿ ದೋಣಿ ನಡೆಸಿದ ಹುಡುಗನಿಗೂ ಒಂದು ಮಾತು ನಡೆದಿರಲಾರದೆ? ರಾಣಿಯ ಬದಲು ಅವರ ಹಿಂದೆ ಹೋದರೆ ಕಥೆ ತಾನಾಗಿಯೇ ಹಂಪಿ ಮುಟ್ಟುತ್ತದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ರಾಜರ ನಾಟಕ ಆಡುವಾಗಲೂ ತಪ್ಪುಗಳಿಗೆ ಕಡಿಮೆಯಿರಲಿಲ್ಲ. ಬಾಡಿಗೆಗೆ ತಂದ ಸೀನರಿಯಲ್ಲಿ ಅರಮನೆಯ ಪರದೆ ಹರಿದಿದ್ದರೆ ಕಾಡಿನ ಪರದೆಯನ್ನೇ ಇಳಿಬಿಟ್ಟು ದರ್ಬಾರು ನಡೆಸುತ್ತಿದ್ದರು. ನಮ್ಮ ಮಾವನೊಬ್ಬ ಮಂತ್ರಿಯ ಪಾತ್ರದಲ್ಲಿ ಕೈಗಡಿಯಾರ ಕಟ್ಟಿಕೊಂಡೇ ರಂಗಕ್ಕೆ ಬಂದು ‘ಪ್ರಭೂ, ಸಮಯ ಮೀರುತ್ತಿದೆ’ ಎಂದಿದ್ದ. ಜನ ಚಪ್ಪಾಳೆ ತಟ್ಟಿದರು. ಅಂಥ ತಪ್ಪನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಪೋಷಾಕು ತಪ್ಪಿದರೆ ನಗು ಬರುತ್ತದೆ, ಅಷ್ಟೆ. ಬದುಕು ತಪ್ಪಿದರೆ ಅತ್ತಿಗೆಯಂಥವರಿಗೆ ಅನುಮಾನ ಬರುತ್ತದೆ.

ಹೋದ ತಿಂಗಳು ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಧಾರಾವಾಹಿ ಮುಗಿಯುವವರೆಗೆ ನಿಯಮದಂತೆ ಸುಮ್ಮನೆ ಕುಳಿತೆ. ಆಮೇಲೆ, ನನಗೇನಾದರೂ ಒಂದು ಧಾರಾವಾಹಿ ಮಾಡಲು ಬಿಟ್ಟರೆ ಹೀಗೆ ಮಾಡುತ್ತೇನೆಂದು ಅತ್ತಿಗೆಗೆ ಹೇಳಿದೆ. ಮೊದಲನೆಯ ಕಂತಿನಲ್ಲಿ ಯುದ್ಧವಿಲ್ಲ, ಅರಮನೆಯಿಲ್ಲ. ಗುಡೇಕೋಟೆಯಿಂದ ಒಂದು ಗಾಡಿ ಹೊರಡುತ್ತದೆ. ಹೊಸ ಮದುವಣಗಿತ್ತಿ ಹಿಂದಕ್ಕೆ ತಿರುಗಿ ಕುಳಿತಿದ್ದಾಳೆ. ಊರ ಬಂಡೆಗಳು ಸಣ್ಣವಾಗುತ್ತ ಹೋಗುತ್ತವೆ. ಗಂಡನಿಗೆ ಮಾತನಾಡಿಸಲು ಧೈರ್ಯವಿಲ್ಲ. ಮಧ್ಯಾಹ್ನ ಒಂದು ಹುಣಸೆಮರದ ಕೆಳಗೆ ಎತ್ತು ಬಿಚ್ಚುತ್ತಾರೆ, ಬುತ್ತಿ ಬಿಚ್ಚುತ್ತಾರೆ. ಅವನು ಉಣ್ಣುವುದನ್ನು ಅವಳು ಮೊದಲ ಸಲ ನೋಡುತ್ತಾಳೆ. ಕಂತು ಅಲ್ಲಿಗೆ ಮುಗಿಯುತ್ತದೆ.

ಅತ್ತಿಗೆ ಹೂವು ಕಟ್ಟುತ್ತ ಎಲ್ಲವನ್ನೂ ಕೇಳಿದರು. ದಾರ ಹಲ್ಲಿನಿಂದ ಕಡಿದು ಕೇಳಿದರು: “ಅದಿರಲಿ ತಮ್ಮಾ, ಆ ಒನಕಿ ತವರಿಂದ ಗಾಡ್ಯಾಗ ತಂದಿದ್ದೋ, ಇಲ್ಲಾ ಅತ್ತಿಮನ್ಯಾಗಿಂದೋ?”